ಫೇರ್‌ಬ್ಯಾಂಕ್ಸ್ ಚಳಿಯಲ್ಲಿ ಹೊಸ ಬ್ಯಾಟರಿ ಹಾಕಿದರೂ ಕಾರು ಸ್ಟಾರ್ಟ್ ಆಗದಿದ್ದರೆ
ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಕಾರು ಮೈನಸ್ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಹೊರಗೆ ನಿಂತಿದೆ, ಹೊಸ ಬ್ಯಾಟರಿ ಹಾಕಿದರೂ ಸ್ಟಾರ್ಟ್ ಆಗುತ್ತಿಲ್ಲ ಅಂದುಕೊಳ್ಳಿ. ಹಾಗಾದರೆ ತಪ್ಪು ಬಹುಶಃ ಬ್ಯಾಟರಿಯದಲ್ಲ, ಮಂದವಾಗಿ ಕೂತ ಎಂಜಿನ್ ಆಯಿಲ್‌ನದು. ಆ ಚಳಿಗೆ ಹೊಸ ಬ್ಯಾಟರಿಯ ಶಕ್ತಿಯೂ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ.

ಮುಂದಿನ ಗ್ರಿಲ್ ಬಳಿ ಪ್ಲಗ್ ಇರುವ ವೈರ್ ಇದೆಯಾ ನೋಡಿ. ಅದು ಬ್ಲಾಕ್ ಹೀಟರ್‌ನದು, ಅಂದರೆ ಎಂಜಿನ್ ಬೆಚ್ಚಗಾಗಿಸುವ ಕರೆಂಟ್ ಹೀಟರ್‌ನದು. ಹೊರಾಂಗಣಕ್ಕೆಂದೇ ಮಾಡಿದ ದಪ್ಪ ಎಕ್ಸ್‌ಟೆನ್ಷನ್ ವೈರಿನಲ್ಲಿ 3-4 ಗಂಟೆ ಕರೆಂಟ್ ಕೊಡಿ. ಮನೆಯೊಳಗಿನ ತೆಳು ವೈರ್ ಬೇಡ, ಕಾದು ಕರಗಬಹುದು. ಆಮೇಲೆ ಒಂದು ಸಲಕ್ಕೆ 10 ಸೆಕೆಂಡ್ ಮಾತ್ರ ಸ್ಟಾರ್ಟರ್ ತಿರುಗಿಸಿ. ಆಗದಿದ್ದರೆ ಎರಡು ನಿಮಿಷ ಬಿಟ್ಟು ಮತ್ತೆ.

ಬ್ಯಾಟರಿ ಉಬ್ಬಿದ್ದರೆ ಒಳಗೆ ಹೆಪ್ಪುಗಟ್ಟಿದೆ ಅಂತಲೇ ತಿಳಿಯಿರಿ. ಜಂಪ್ ಸ್ಟಾರ್ಟ್ (ಬೇರೆ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಸ್ಟಾರ್ಟ್) ಮಾಡಲೇಬೇಡಿ, ಸಿಡಿಯಬಹುದು.

ವೈರ್ ಕಾಣದಿದ್ದರೆ ಕಾರು ಬೆಚ್ಚಗಿನ ರಾಜ್ಯದಿಂದ ಬಂದಿದ್ದಿರಬೇಕು. ಟೋ ಮಾಡಿಸಿ ಬಿಸಿ ಇರುವ ಗ್ಯಾರೇಜಿಗೆ ಒಯ್ಯಿರಿ. ಬ್ಲಾಕ್ ಹೀಟರ್ ಹಾಕಿಸಿ, ಮ್ಯಾನ್ಯುಯಲ್ ಒಪ್ಪಿದರೆ ಚಳಿಯಲ್ಲೂ ಸುಲಭವಾಗಿ ಹರಿಯುವ 0ಡಬ್ಲ್ಯು ದರ್ಜೆಯ ಸಿಂಥೆಟಿಕ್ ಆಯಿಲ್ ತುಂಬಿಸಿ. ಕೂಲೆಂಟ್ (ಎಂಜಿನ್ ತಂಪಿಡುವ ದ್ರವ) ಪರೀಕ್ಷೆಯನ್ನು ಮಾತ್ರ ಮರೆಯಬೇಡಿ: ಆಂಟಿಫ್ರೀಜ್ ಮತ್ತು ನೀರಿನ 50:50 ಮಿಶ್ರಣ ಸುಮಾರು ಮೈನಸ್ 37ಕ್ಕೇ ಗಟ್ಟಿಯಾಗಲು ಶುರು, ಅಲ್ಲಿಗೆ ಬೇಕಾದದ್ದು 60:40. ಇನ್ನು ಮೇಲೆ ಮೈನಸ್ 20 ದಾಟಿದ ರಾತ್ರಿಗಳಲ್ಲಿ ಹೀಟರ್‌ಗೆ ಟೈಮರ್ ಇಡಿ. ಹೊರಡುವ 3 ಗಂಟೆ ಮೊದಲು ಆನ್ ಆದರೆ ಸಾಕು.