ಏಳು ವರ್ಷದ ಮಗುವಿಗೆ ಪತ್ತೇದಾರಿ ಪುಸ್ತಕ ಕೊಡಬಹುದೇ?

ಪ್ರಶ್ನೆ: ನನ್ನ ಮಗಳು ಇಂಗ್ಲಿಷ್ ಮಾಧ್ಯಮದ ಎರಡನೇ ತರಗತಿಯಲ್ಲಿದ್ದಾಳೆ. ಚಿತ್ರಪುಸ್ತಕಗಳನ್ನು ತಾನೇ ಓದುತ್ತಾಳೆ, ಆದರೆ ಅಧ್ಯಾಯಗಳಿರುವ ಪುಸ್ತಕವನ್ನು ನಾಲ್ಕು ಪುಟಕ್ಕೇ ಮುಚ್ಚಿಡುತ್ತಾಳೆ. ಪತ್ತೇದಾರಿ ಕತೆಯೆಂದರೆ ಮಾತ್ರ ಕಿವಿಗೊಟ್ಟು ಕೇಳುತ್ತಾಳೆ. ಅಂಥ ಪುಸ್ತಕಗಳನ್ನೇ ಕೊಡಬಹುದೇ? ಕಳ್ಳತನ, ಕೊಲೆ ಎಂದು ಹೆದರುವುದಿಲ್ಲವೇ? ಯಾವುದರಿಂದ ಆರಂಭಿಸಲಿ? – ಓದುಗರೊಬ್ಬರು, ಹಾಸನ

ಉತ್ತರ: ಧೈರ್ಯವಾಗಿ ಕೊಡಿ. ಹೊಸದಾಗಿ ಓದಲು ಕಲಿತ ಮಕ್ಕಳಿಗೆಂದೇ ಬರೆದ ಪತ್ತೇದಾರಿ ಪುಸ್ತಕಗಳಲ್ಲಿ ಕೊಲೆ ಇರುವುದಿಲ್ಲ. ಕಳೆದುಹೋದ ಚಿತ್ರ, ಕಾಣೆಯಾದ ಬೆಕ್ಕು, ಹೆಚ್ಚೆಂದರೆ ಒಂದು ಕಳ್ಳತನ, ಇಷ್ಟೇ ಅವುಗಳ ವಸ್ತು. ನಿಮ್ಮ ಮಗಳು ನಾಲ್ಕು ಪುಟಕ್ಕೇ ನಿಲ್ಲಿಸುವುದಕ್ಕೆ ಅಕ್ಷರ ಬಾರದಿರುವುದು ಕಾರಣವಲ್ಲ. ಪುಟ ತುಂಬ ಅಕ್ಷರಗಳಿದ್ದು ಚಿತ್ರದ ಆಸರೆ ತಪ್ಪಿದಾಗ, ಮುಂದೆ ಓದಲು ಬೇರೊಂದು ಒತ್ತಾಸೆ ಬೇಕಾಗುತ್ತದೆ. ‘ಯಾರು ತೆಗೆದುಕೊಂಡರು?’ ಎಂಬ ಪ್ರಶ್ನೆ ಆ ಒತ್ತಾಸೆಯನ್ನು ಒದಗಿಸುತ್ತದೆ.

ನಾನು ಇನ್ನೂ ಹೆಚ್ಚು ಬೆಲೆ ಕೊಡುವುದು ಮತ್ತೊಂದು ಗುಣಕ್ಕೆ. ಬೇರೆ ಕತೆಗಳಲ್ಲಿ ಮಗು ಮುಂದಕ್ಕೆ ಮಾತ್ರ ಓದುತ್ತದೆ. ಪತ್ತೇದಾರಿ ಕತೆಯಲ್ಲಿ ‘ಇದನ್ನು ಮೊದಲೇ ಹೇಳಿದ್ದರಲ್ಲ’ ಎಂದು ಪುಟ ಹಿಂದಕ್ಕೆ ತಿರುವಿ ಪರೀಕ್ಷಿಸುತ್ತದೆ. ಓದಿದ್ದನ್ನು ನೆನಪಿಟ್ಟು, ಒಂದಕ್ಕೊಂದು ಜೋಡಿಸಿ, ಊಹೆ ಸುಳ್ಳಾದರೆ ತಿದ್ದಿಕೊಳ್ಳುವ ಈ ಅಭ್ಯಾಸವನ್ನು ಪಾಠದ ಕೊನೆಯ ಪ್ರಶ್ನೋತ್ತರಗಳು ಕಲಿಸುವುದು ಕಷ್ಟ.

ಮೊದಲಿಗೆ ಮಾರ್ಜರಿ ವೈನ್‌ಮನ್ ಶಾರ್ಮಟ್ ಅವರ ‘ನೇಟ್ ದ ಗ್ರೇಟ್’ (1972) ಕೊಡಿ. ಪ್ಯಾನ್‌ಕೇಕ್ ಎಂದರೆ ಪ್ರಾಣ ಬಿಡುವ ಹುಡುಗ ನೇಟ್, ಗೆಳತಿ ಆ್ಯನಿ ಬರೆದ ನಾಯಿಯ ಚಿತ್ರ ಎಲ್ಲಿ ಹೋಯಿತೆಂದು ಹುಡುಕುತ್ತಾನೆ. ವಾಕ್ಯಗಳು ಬಹಳ ಚಿಕ್ಕವು, ಚಿತ್ರಗಳೂ ಧಾರಾಳವಾಗಿವೆ. ನನಗೆ ಈ ಪುಸ್ತಕ ಇಷ್ಟವಾಗುವುದು ಅದರ ಪ್ರಾಮಾಣಿಕತೆಗಾಗಿ: ಮುಖ್ಯ ಸುಳಿವು ಬಣ್ಣಕ್ಕೆ ಸಂಬಂಧಿಸಿದ್ದು, ಅದು ಓದುಗರ ಕಣ್ಣೆದುರಿಗೇ ಇರುತ್ತದೆ, ಬಣ್ಣ ಬೆರೆಸಿ ಆಡಿದ ಮಗು ನೇಟ್‌ಗಿಂತ ಮೊದಲೇ ಉತ್ತರ ಕಂಡುಕೊಳ್ಳಬಲ್ಲದು. ಉತ್ತರವನ್ನು ನೀವಾಗಿ ಹೇಳಬೇಡಿ.

ಇದು ಸಲೀಸಾದ ಮೇಲೆ ಡೇವಿಡ್ ಆಡ್ಲರ್ ಅವರ ‘ಕ್ಯಾಮ್ ಜಾನ್ಸನ್’ ಸರಣಿಗೆ ಹೋಗಬಹುದು. 1980ರಲ್ಲಿ ಆರಂಭವಾದ ಈ ಸರಣಿಯ ನಾಯಕಿ ಕಂಡದ್ದನ್ನೆಲ್ಲ ಛಾಯಾಚಿತ್ರದಂತೆ ನೆನಪಿಡುತ್ತಾಳೆ, ‘ಕ್ಲಿಕ್’ ಎಂದು ಕಣ್ಣು ಮುಚ್ಚಿ ಆ ದೃಶ್ಯವನ್ನು ಮತ್ತೆ ನೋಡುತ್ತಾಳೆ. ಅಧ್ಯಾಯಗಳು ಚಿಕ್ಕವಾದ್ದರಿಂದ ರಾತ್ರಿಗೊಂದು ಮುಗಿಯುತ್ತದೆ. ರಾನ್ ರಾಯ್ ಅವರ ‘ಎ ಟು ಝಡ್ ಮಿಸ್ಟರೀಸ್’ ಅದರ ನಂತರದ್ದು. ಇಂಗ್ಲಿಷಿನ 26 ಅಕ್ಷರಗಳಿಗೆ ಒಂದೊಂದು ಪುಸ್ತಕ. ಅದರ ಮೊದಲ ಪುಸ್ತಕದಲ್ಲಿ ಲೇಖಕರೊಬ್ಬರು ಅಪಹರಣವಾಗಿರಬಹುದೆಂಬ ಅನುಮಾನ ಬರುವುದರಿಂದ, ಬೇಗ ಹೆದರುವ ಮಗುವಿನೊಂದಿಗೆ ಮೊದಲ ಅಧ್ಯಾಯಗಳನ್ನು ನೀವೂ ಕುಳಿತು ಓದಿ. ಡೊನಾಲ್ಡ್ ಸೋಬಲ್ ಅವರ ‘ಎನ್‌ಸೈಕ್ಲೋಪೀಡಿಯಾ ಬ್ರೌನ್’ (1963) ಎಂಟು–ಒಂಬತ್ತು ವಯಸ್ಸಿನವರೆಗೆ ಕಾಯಲಿ. ಅದರ ಪರಿಹಾರಗಳನ್ನು ಪುಸ್ತಕದ ಕೊನೆಯಲ್ಲಿ ಬೇರೆಯಾಗಿ ಕೊಟ್ಟಿರುವುದರಿಂದ, ಓದುವವರೇ ಯೋಚಿಸಿ ಉತ್ತರ ಹೇಳಬೇಕು.

ಓದುವಾಗ ಒಂದು ಸಣ್ಣ ಟಿಪ್ಪಣಿ ಪುಸ್ತಕ ಕೊಟ್ಟು, ಯಾರ ಮೇಲೆ ಅನುಮಾನ, ಏಕೆ ಎಂದು ಅಧ್ಯಾಯಕ್ಕೊಂದು ಸಾಲು ಬರೆಯಲು ಹೇಳಿ. ಕಾಗುಣಿತ ತಿದ್ದುವ ಜಾಗ ಅದಲ್ಲ.

ಕನ್ನಡದ ಓದನ್ನು ಇದರ ಜೊತೆಗೇ ಬೆಳೆಸಿ. ಒತ್ತಕ್ಷರಗಳಲ್ಲಿ ತಡವರಿಸುವ ಹಂತದಲ್ಲಿ ಉದ್ದದ ಕನ್ನಡ ಪುಸ್ತಕ ಬೇಸರ ತರಿಸಬಹುದು. ಆದರೆ ಸುಳಿವು ಹಿಡಿಯುವ ಆಟ ನಮ್ಮ ಒಗಟುಗಳಲ್ಲಿ ಮೊದಲಿಂದಲೂ ಇದೆ. ‘ಕಲ್ಲರಳಿ ಹೂವಾಗಿ, ಎಲ್ಲರಿಗೂ ಬೇಕಾಗಿ, ಮಲ್ಲಿಕಾರ್ಜುನನ ಗುಡಿಗೆ ಬೆಳಕಾಗಿ’ ಎಂಬುದರಲ್ಲಿ ಮೂರು ಸುಳಿವುಗಳಿವೆ: ಸುಟ್ಟ ಕಲ್ಲು ನೀರು ತಾಗಿ ಅರಳುತ್ತದೆ, ಎಲೆಯಡಿಕೆಗೆ ಎಲ್ಲರಿಗೂ ಬೇಕು, ಗೋಡೆಗೆ ಬಳಿದರೆ ಗುಡಿ ಬೆಳಗುತ್ತದೆ. ಉತ್ತರ ಸುಣ್ಣ. ಒಂದೊಂದೇ ಸಾಲನ್ನು ಚೀಟಿಯಲ್ಲಿ ಬರೆದು ಕೊಡಿ, ಪ್ರತಿ ಚೀಟಿಯ ನಂತರ ಅವಳ ಊಹೆ ಕೇಳಿ. ಬೆಂಗಳೂರಿನ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ. ಎರಡನೇ ಹಂತದಿಂದ ಆರಿಸಿಕೊಂಡರೆ ಈ ವಯಸ್ಸಿಗೆ ಹೊಂದುತ್ತದೆ.