ನಾಜಿ ಶಿಬಿರಗಳಿಂದ ಬದುಕಿ ಬಂದ ಯಹೂದಿ ಮಕ್ಕಳು ಆಮೇಲೆ ಏನಾದರು?

ಅಪ್ಪ ಅಮ್ಮನನ್ನು ಕಳಕೊಂಡ ಆ ಮಕ್ಕಳನ್ನು ಯಾರು ಸಾಕಿದರು, ಮಾಮೂಲಿ ಬದುಕಿಗೆ ಹೇಗೆ ತಂದರು ಎಂದು ಕೇಳಿದ್ದೀರಿ. ಒಂದೊಂದು ದೇಶದಲ್ಲಿ ಒಂದೊಂದು ರೀತಿ ನಡೆಯಿತು. ನಾನು ಇಂಗ್ಲೆಂಡಿಗೆ ಹೋದವರ ವಿಷಯವಷ್ಟೇ ಹೇಳುತ್ತೇನೆ.

1945ರಲ್ಲಿ ಬ್ರಿಟಿಷ್ ಸರ್ಕಾರ 16 ವರ್ಷದೊಳಗಿನ 1,000 ಅನಾಥ ಮಕ್ಕಳನ್ನು ಕರೆತರಲು ಒಪ್ಪಿತು. ಖರ್ಚೆಲ್ಲ ಅಲ್ಲಿನ ಯಹೂದಿ ಸಮುದಾಯದ್ದು. ಬಂದವರು 732 ಮಂದಿ ಮಾತ್ರ. ಆಶ್‌ವಿಟ್ಜ್‌ನಂಥ ಸಾವಿನ ಶಿಬಿರಗಳಲ್ಲಿ ದುಡಿಯಲಾಗದ ಚಿಕ್ಕ ಮಕ್ಕಳನ್ನು ಇಳಿದ ದಿನವೇ ಕೊಲ್ಲುತ್ತಿದ್ದರು. ಹಾಗಾಗಿ ಉಳಿದವರಲ್ಲಿ ಹದಿಹರೆಯದ ಹುಡುಗರೇ ಹೆಚ್ಚು. 16 ದಾಟಿದವರೂ ವಯಸ್ಸು ಇಳಿಸಿ ಹೇಳಿ ಬಂದರು.

ಆಗಸ್ಟ್‌ನಲ್ಲಿ ಮೊದಲ 300ರಷ್ಟು ಮಕ್ಕಳು ಪ್ರಾಗ್‌ನಿಂದ ಬಾಂಬರ್ ವಿಮಾನಗಳಲ್ಲಿ ಬಂದಿಳಿದರು. ವಿಂಡರ್‌ಮಿಯರ್ ಸರೋವರದ ಬಳಿ, ವಿಮಾನ ಕಾರ್ಖಾನೆಯ ಕೆಲಸಗಾರರಿಗೆಂದು ಕಟ್ಟಿದ್ದ ವಸತಿಯಲ್ಲಿ ಅವರನ್ನು ಇರಿಸಿದರು. ಮಂಚ, ಒಗೆದ ಬಿಳಿ ಹೊದಿಕೆ. ಹೇನಿನ ಕಾರಣಕ್ಕೆ ಹಳೆ ಬಟ್ಟೆ ಬಿಚ್ಚಿಸಿದರು. ವೈದ್ಯರು ನೋಡಿ, ಕ್ಷಯವಿದ್ದವರನ್ನು ಸ್ಯಾನಿಟೋರಿಯಂಗೆ ಕಳಿಸಿದರು.

ಕಷ್ಟವಾದದ್ದು ಬ್ರೆಡ್ಡಿನ ವಿಷಯದಲ್ಲಿ. ಮೇಜಿನ ಮೇಲೆ ಇಟ್ಟ ಕೂಡಲೇ ಮಾಯ. ಹೊಟ್ಟೆ ತುಂಬಿದ್ದರೂ ಜೇಬಿಗೆ, ದಿಂಬಿನಡಿಗೆ ಸೇರಿಸುತ್ತಿದ್ದರು. ಸಿಬ್ಬಂದಿ ಗದರಲಿಲ್ಲ, ಕಸಿದುಕೊಳ್ಳಲಿಲ್ಲ, ಮತ್ತೆ ಮತ್ತೆ ತಂದಿಟ್ಟರು. ನಾಳೆಯೂ ಊಟ ಇರುತ್ತದೆ ಎಂಬ ನಂಬಿಕೆ ಕುದುರಿದ ಮೇಲೆ ಬಚ್ಚಿಡುವುದು ತಾನಾಗಿ ನಿಂತಿತು. ಆದರೆ ರೆಡ್‌ಕ್ರಾಸ್‌ನಿಂದ ಮನೆಯವರ ಸುದ್ದಿ ಬಂದಾಗ ಹೆಚ್ಚಿನವರಿಗೆ ಸಿಕ್ಕಿದ್ದು ಸಾವಿನ ಸುದ್ದಿಯೇ.

ಆ ಗುಂಪಿನಲ್ಲಿ ತೆರೆಜಿನ್ ಶಿಬಿರದಲ್ಲಿ ಬೆಳೆದ, ಮೂರು ವರ್ಷದ ಆಸುಪಾಸಿನ ಆರು ಮಕ್ಕಳೂ ಇದ್ದರು. ಸಸೆಕ್ಸ್‌ನ ಒಂದು ಮನೆಯಲ್ಲಿ, ಮಕ್ಕಳ ಮನೋವಿಶ್ಲೇಷಕಿ ಆನಾ ಫ್ರಾಯ್ಡ್ ಮಾರ್ಗದರ್ಶನದಲ್ಲಿ ಅವರನ್ನು ಸುಮಾರು ಒಂದು ವರ್ಷ ನೋಡಿಕೊಂಡರು. ಆಟಿಕೆ ಒಡೆದರು, ದೊಡ್ಡವರನ್ನು ಹೊಡೆದರು, ಕಚ್ಚಿದರು. ತಮ್ಮತಮ್ಮಲ್ಲಿ ಮಾತ್ರ ಎಂಥ ಅಕ್ಕರೆ! ತಿಂಡಿ ಕೊಟ್ಟರೆ ಮೊದಲು ಪಕ್ಕದ ಮಗುವಿಗೆ ದಾಟಿಸುತ್ತಿದ್ದರು, ಒಬ್ಬರನ್ನು ಬೇರೆ ಮಾಡಿದರೆ ಎಲ್ಲರೂ ಕಂಗಾಲು. ಒಬ್ಬೊಬ್ಬರಿಗೂ ಮನೆಯವರು ಅಂತ ಇದ್ದದ್ದು ಉಳಿದ ಐವರೇ ತಾನೆ? ಅವರನ್ನು ಚದುರಿಸದೆ ಒಟ್ಟಿಗೆ ಇಟ್ಟದ್ದೇ ಎಲ್ಲಕ್ಕಿಂತ ದೊಡ್ಡ ಚಿಕಿತ್ಸೆ ಎಂದು ನನಗನಿಸುತ್ತದೆ.

ದೊಡ್ಡ ಹುಡುಗರನ್ನು ಲಂಡನ್, ಮ್ಯಾಂಚೆಸ್ಟರ್, ಗ್ಲಾಸ್ಗೊ ಕಡೆಯ ಹಾಸ್ಟೆಲ್‌ಗಳಿಗೆ ಕಳಿಸಿ ಇಂಗ್ಲಿಷ್, ಕಸುಬು ಕಲಿಸಿದರು. ಅವರಲ್ಲೊಬ್ಬರಾದ ಬೆನ್ ಹೆಲ್ಫ್‌ಗಾಟ್ 1956 ಮತ್ತು 1960ರ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಭಾರ ಎತ್ತಿದರು. ಎಷ್ಟೋ ಜನ ಶಿಬಿರದ ದಿನಗಳ ಬಗ್ಗೆ ದಶಕಗಳ ಕಾಲ ಹೆಂಡತಿ ಮಕ್ಕಳ ಮುಂದೆಯೂ ಬಾಯಿ ಬಿಡಲಿಲ್ಲ, ಸುತ್ತಲಿನವರೂ ಕೇಳಲಿಲ್ಲ. ತಮ್ಮೊಳಗೆ ಮಾತ್ರ ನಂಟು ಬಿಡಲಿಲ್ಲ. 1963ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡು, ಕಷ್ಟದಲ್ಲಿದ್ದ ಜೊತೆಗಾರರಿಗೆ ನೆರವಾದರು, ಪ್ರತಿ ವರ್ಷ ಒಂದೆಡೆ ಸೇರಿದರು.