ನೀರು ನಿಲ್ಲೋ ಎರೆ ಹೊಲ, ಗೋವಿನಜೋಳದ ಬೀಜೋಪಚಾರ

ಅಣ್ಣಾ, ಬಿತ್ತಿದ ಮೇಲೆ ಮಳೆ ಹಿಡ್ಕೊಂಡು ಎರೆ ಹೊಲದಲ್ಲಿ ನೀರು ನಿಂತು ಗೋವಿನಜೋಳ ಅರ್ಧಂಬರ್ಧ ಹುಟ್ಟಿದೆ, ಅಂಗಡಿಯವ್ರು ಆಕ್ಸಿಜನ್ ಪೌಡರ್ ಹಚ್ಚಿ ಮರುಬಿತ್ತನೆ ಮಾಡಿ ಅಂತಿದಾರೆ, ಹಚ್ಚಲಾ ಅಂತ ಕೇಳಿದೀರಲ್ಲ. ಆ ಪೌಡರ್ ಪೂರ್ತಿ ಸುಳ್ಳೇನಲ್ಲ. ಕ್ಯಾಲ್ಸಿಯಂ ಪೆರಾಕ್ಸೈಡ್ ಅಂತ ಇದೆ, ನೀರು ತಾಗಿದ್ರೆ ನಿಧಾನಕ್ಕೆ ಆಕ್ಸಿಜನ್ ಬಿಡುತ್ತೆ, ಜಪಾನಲ್ಲಿ ಭತ್ತದ ಬೀಜಕ್ಕೆ ಅದನ್ನ ಲೇಪ ಮಾಡಿ ನೇರ ಕೆಸರಿಗೇ ಬಿತ್ತುತ್ತಿದ್ರು. ಆದ್ರೆ ಅದು ಮೊಳಕೆ ಮೇಲೆ ಬರೋ ತನಕದ ಮಾತು. ಆಮೇಲೆ ಭತ್ತ ಎಲೆಯಿಂದ ಬೇರಿಗೆ ತಾನೇ ಗಾಳಿ ಇಳಿಸ್ಕೊಳ್ಳುತ್ತೆ, ಗೋವಿನಜೋಳಕ್ಕೆ ಅಷ್ಟು ತಾಕತ್ತಿಲ್ಲ, ಮೇಲಾಗಿ ಹೆಚ್ಚುಕಮ್ಮಿ ಆರು ಎಲೆ ಆಗೋವರೆಗೂ ಅದರ ಸುಳಿ ಮಣ್ಣೊಳಗೇ ಇರುತ್ತೆ, ನೀರು ಎರಡು ದಿನಕ್ಕಿಂತ ಜಾಸ್ತಿ ನಿಂತ್ರೆ ಬೀಜಕ್ಕೆ ಏನು ಹಚ್ಚಿದ್ರೂ ಉಸಿರು ಕಟ್ಟೋದು ಕಟ್ಟೇ ಕಟ್ಟುತ್ತೆ.

ಬೀಜೋಪಚಾರದಿಂದ, ಅಂದ್ರೆ ಬಿತ್ತೋ ಮುಂಚೆ ಬೀಜಕ್ಕೆ ಔಷಧಿ ಹಚ್ಚೋದ್ರಿಂದ, ನಮಗೆ ಸಿಗೋದು ಕೊಳೆಯಿಂದ ರಕ್ಷಣೆ ಅಷ್ಟೇ, ಅದೇನೂ ಸಣ್ಣದಲ್ಲ. ಮೊದಲು ಹೊಲಕ್ಕೆ ಹೋಗಿ ಒಂದು ಸೊರಗಿದ ಸಸಿ ಮಣ್ಣು ಸಮೇತ ಕಿತ್ತು ತೊಳೆದು, ಬೇರನ್ನ ಎರಡು ಬೆರಳಲ್ಲಿ ಹಿಡಿದು ಎಳೀರಿ. ಮೇಲಿನ ಸಿಪ್ಪೆ ಜಾರಿ ಕೈಗೆ ಬಂದು ಒಳಗಿನ ದಾರ ಮಾತ್ರ ಉಳಿದ್ರೆ ಪಿಥಿಯಂ ಥರದ ನೀರು ಶಿಲೀಂಧ್ರದಿಂದ ಬಂದ ಬೇರು ಕೊಳೆ ಅನ್ಕೊಳ್ಳಿ. ಬೇರು ಗಟ್ಟಿ ಬೆಳ್ಳಗಿದ್ದು ಎಲೆ ಮಾತ್ರ ಹಳದಿ ಆಗಿದ್ರೆ ಅದು ಸಾಯಲ್ಲ, ನೀರು ಬಸಿದು ಹದ ಬಂದ್ಮೇಲೆ ಎಡೆಕುಂಟೆ ಹೊಡೆದು ಸ್ವಲ್ಪ ಯೂರಿಯಾ ಕೊಡಿ, ಮರುಬಿತ್ತನೆ ಖರ್ಚು ಉಳಿಯುತ್ತೆ.

ಕೊಳೆನೇ ಅಂತಾದ್ರೆ ಮರುಬಿತ್ತನೆ ಬೀಜಕ್ಕೆ ಎಲ್ಲರ ಮನೇಲೂ ಇರೋ ಕಾರ್ಬೆಂಡಜಿಮ್ ಶಿಲೀಂಧ್ರನಾಶಕ ಹಚ್ಚಿ ಸುಮ್ಮನಾಗ್ಬೇಡಿ, ಪಿಥಿಯಂಗೆ ಅದು ನಾಟಲ್ಲ. ಕೇದಿಗೆ ರೋಗಕ್ಕೆ ಹಚ್ತೀವಲ್ಲ ಮೆಟಲಾಕ್ಸಿಲ್ 35 ಡಬ್ಲ್ಯೂಎಸ್ (ಬೀಜಕ್ಕೆ ಹಚ್ಚೋ ಪುಡಿ), ಕೆಜಿ ಬೀಜಕ್ಕೆ 6-7 ಗ್ರಾಂ, ಅದೇ ಇದಕ್ಕೂ ಕೆಲಸ ಮಾಡುತ್ತೆ, ಎರಡು ರೋಗಕ್ಕೂ ಕಾರಣ ಒಂದೇ ಗುಂಪಿನ ನೀರು ಶಿಲೀಂಧ್ರಗಳು. ಆದ್ರೆ ಕಂಪನಿ ಹೈಬ್ರಿಡ್ ಬೀಜ ಕೆಂಪಗೋ ಹಸಿರಿಗೋ ಬಣ್ಣ ಹಚ್ಚಿಯೇ ಬಂದಿರುತ್ತೆ, ಚೀಲದ ಟ್ಯಾಗಲ್ಲಿ ಯಾವ ಔಷಧಿ ಅಂತ ಬರೆದಿರ್ತಾರೆ, ಓದದೆ ಅದರ ಮೇಲೆ ಮತ್ತೊಂದು ಹಚ್ಚಬೇಡಿ. ಕೊಳೆ ತಡೆಯೋ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾ ಒಳ್ಳೇದೇ, ಆದ್ರೆ ಅದಕ್ಕೂ ಗಾಳಿ ಬೇಕು, ನಿಂತ ನೀರಲ್ಲಿ ಅದನ್ನ ನಂಬ್ಕೊಂಡು ಕೂರೋ ಹಾಗಿಲ್ಲ.

ಕೆಳಗೆ ಒಬ್ರು ಸೋಯಾ ಬೀಜ ರಾತ್ರಿ ನೆನೆಸಿ ಬಿತ್ತಿ ಅಂತ ಬರೆದಿದಾರೆ, ದಯವಿಟ್ಟು ಬೇಡ. ಸೋಯಾ ಬೀಜದ ಸಿಪ್ಪೆ ತೆಳು, ಒಮ್ಮೆಲೇ ನೀರು ಕುಡಿದು ಬೇಳೆ ಒಡೆದು ಅಲ್ಲೇ ಕೊಳೆಯುತ್ತೆ. ಸೋಯಾಗೆ ರೈಜೋಬಿಯಂ (ಬೇರಿನ ಗಂಟಲ್ಲಿ ಸಾರಜನಕ ಹಿಡಿಯೋ ಬ್ಯಾಕ್ಟೀರಿಯಾ) ಹಚ್ಚೋದಿದ್ರೆ ಔಷಧಿ ಮೊದಲು, ಒಣಗಿದ ಮೇಲೆ ರೈಜೋಬಿಯಂ ಕೊನೆಗೆ, ನೆರಳಲ್ಲಿ.

ಮರುಬಿತ್ತನೆ ಮಾಡೋದೇ ಆದ್ರೆ ಬೋದು ಏರಿಸಿ ಬೋದಿನ ಪಕ್ಕಕ್ಕೆ ಬೀಜ ಊರಿ, ಎರಡು ಇಂಚಿಗಿಂತ ಆಳ ಬೇಡ, ಇಳಿಜಾರಿನ ಕಡೆ ಬದು ಒಡೆದು ನೀರಿಗೆ ದಾರಿ ಮಾಡಿ. ಪೌಡರ್‌ಗೆ ಹಾಕೋ ದುಡ್ಡನ್ನ ನೀರು ಬಸಿಯೋ ಕಾಲುವೆ ತೆಗೆಸೋಕೆ ಹಾಕಿ. ಸಾಯಂಕಾಲ ಬೇರಿನ ಫೋಟೋ ಹಾಕಿ, ಎಲೆ ಫೋಟೋ ನೋಡಿ ಏನೂ ಹೇಳಕ್ಕಾಗಲ್ಲ.